ಹಂಡೆಯ ಎಡ ಹಿಂಗಾಲು

ಮೂವತ್ತನಾಲ್ಕು ವರ್ಷ ದನ, ಕುದುರೆ, ಕತ್ತೆಗಳ ಕಾಲು ಹಿಡಿದು ನೋಡಿದ ಡಾಕ್ಟರಮ್ಮನ ಕೈ ಮುರಿದದ್ದು ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇರುವಾಗ. ಮರಿ ಹಾಕಲು ತಿಣುಕುತ್ತಿದ್ದ ಹೆಣ್ಣುಕುದುರೆಯೊಂದು ಝಾಡಿಸಿ ಒದ್ದಿತು. ಮರಿಯೂ ಉಳಿಯಿತು, ತಾಯಿಯೂ ಉಳಿಯಿತು, ಡಾಕ್ಟರಮ್ಮನ ಬಲಗೈ ಮೂಳೆ ಮಾತ್ರ ಎರಡು ಕಡೆ ಮುರಿಯಿತು. ಮೂಳೆ ವೈದ್ಯರು ಮೊಣಕೈಯಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರ್ ಹಾಕಿ, ಎರಡು ತಿಂಗಳು ಈ ಕೈಯಲ್ಲಿ ಲೋಟವನ್ನೂ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದರು. ಒಂಟಿ ಜೀವ, ತಲೆ ಬಾಚಿಕೊಳ್ಳಲೂ ಇನ್ನೊಬ್ಬರ ಕೈ ಬೇಕು. ತಂಗಿಯ ಮಗಳು ಬಂದವಳೇ ಬೇಡವೆಂದರೂ ಕೇಳದೆ, ಬಟ್ಟೆಚೀಲವನ್ನು ಹೆಗಲಿಗೇರಿಸಿ ದೊಡ್ಡಮ್ಮನನ್ನು ತನ್ನ ಐದನೇ ಮಹಡಿಯ ಮನೆಗೆ ಕರೆದೊಯ್ದಳು.

ಈ ಹುಡುಗಿಗೆ ಮನೆಯವರೆಲ್ಲ ಕರೆಯುತ್ತಿದ್ದುದು ಚಿನಕುರಳಿ ಎಂದು. ನಡೆಯುವುದಕ್ಕಿಂತ ಮೊದಲೇ ಪಟಪಟ ಮಾತು ಕಲಿತವಳು. ಈಗ ವಿಡಿಯೊ ಗೇಮ್ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ಪರದೆಯ ಮೇಲಿನ ಪ್ರಾಣಿಗಳು ಹೇಗೆ ನಡೆಯಬೇಕು, ಹೇಗೆ ಓಡಬೇಕು, ಹೇಗೆ ಬೀಳಬೇಕು ಎಂಬುದನ್ನು ತಿದ್ದಿ ತೀಡುವುದು ಅವಳ ಪಾಲಿನದು. ವಾರದಲ್ಲಿ ಮೂರು ದಿನ ಮನೆಯಿಂದಲೇ ಮಾಡುತ್ತಿದ್ದಳು.

ಡಾಕ್ಟರಮ್ಮನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಮೊದಲ ಎರಡು ದಿನ ಕಿಟಕಿಯಲ್ಲಿ ನಿಂತು ಎದುರುಮನೆಯ ಬೆಕ್ಕಿಗೆ ಜಂತುಹುಳು ಇದೆಯೆಂದು ತೀರ್ಮಾನಿಸಿದರು. ಮೂರನೇ ದಿನ ಬೇಸರ ತಡೆಯದೆ ಎಡಗೈಯಲ್ಲಿ ಕುರ್ಚಿ ಎಳೆದುಕೊಂಡು ಹುಡುಗಿಯ ಬೆನ್ನ ಹಿಂದೆ ಬಂದು ಕೂತರು. ಪರದೆಯ ಮೇಲೆ ಮೂರು ಕೊಂಬಿನ, ಕುತ್ತಿಗೆಯ ಸುತ್ತ ಗುರಾಣಿಯಂಥ ಮೂಳೆ ಇರುವ ದೊಡ್ಡ ಪ್ರಾಣಿಯೊಂದು ಹುಲ್ಲಿನಲ್ಲಿ ನಡೆಯುತ್ತಿತ್ತು. ಹತ್ತು ಹೆಜ್ಜೆ ಹೋಗಿ ಮತ್ತೆ ಮೊದಲಿನಿಂದ ಅದೇ ಹತ್ತು ಹೆಜ್ಜೆ.

ಡಾಕ್ಟರಮ್ಮ ಕಣ್ಣು ಕಿರಿದು ಮಾಡಿದರು. ನಾಲ್ಕು ಸುತ್ತು ನೋಡಿದರು. ಆಮೇಲೆ ಹೇಳಿದರು, "ಇದಕ್ಕೆ ಎಡ ಹಿಂಗಾಲು ನೋಯ್ತಿದೆ."

"ದೊಡ್ಡಮ್ಮಾ, ಅದು ಡೈನೊಸಾರ್. ಸತ್ತು ಆರೂವರೆ ಕೋಟಿ ವರ್ಷ ಆಯ್ತು."

"ಸತ್ತಿರಬಹುದು ಕಣೇ. ಆದ್ರೆ ಕುಂಟ್ತಾ ಇದೆ."

ಚಿನಕುರಳಿಗೆ ನಗು ಬಂತು. ದೊಡ್ಡಮ್ಮನ ಮುಖ ನೋಡಿದ ಮೇಲೆ ನಗು ಅಲ್ಲೇ ನಿಂತಿತು. ಆಟದ ವೇಗವನ್ನು ಅರ್ಧಕ್ಕಿಳಿಸಿದಳು. ಡಾಕ್ಟರಮ್ಮ ಪರದೆಗೆ ಬೆರಳು ತಾಗಿಸಿ ತೋರಿಸಿದರು. ಎಡ ಹಿಂಗಾಲು ನೆಲ ಮುಟ್ಟಿದಾಗಲೆಲ್ಲ ಆ ಕಡೆಯ ಸೊಂಟ ತುಸು ಕುಸಿಯುತ್ತಿತ್ತು. ಬಲಗಡೆ ಹಾಗಿಲ್ಲ. ಒಮ್ಮೆ ಕಂಡ ಮೇಲೆ ಹುಡುಗಿಗೆ ಅದಲ್ಲದೆ ಬೇರೇನೂ ಕಾಣಲಿಲ್ಲ.

"ಇದು ನನ್ನ ತಪ್ಪಲ್ಲ," ಎಂದಳು, ಸ್ವಲ್ಪ ಕಕ್ಕಾಬಿಕ್ಕಿಯಾಗಿ. "ಸಿನಿಮಾದಲ್ಲಿ ಹೇಗಿದೆಯೋ ಹಾಗೇ ಇಟ್ಟಿದೀನಿ. ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡ್ಕೊಂಡು."

ಆ ಆಟ ಒಂದು ಹಳೆಯ ಸಿನಿಮಾದಿಂದ ಹುಟ್ಟಿದ್ದು. ಮೂವತ್ತೊಂದು ವರ್ಷದ ಹಿಂದೆ ಬಂದ ಆ ಡೈನೊಸಾರ್ ಸಿನಿಮಾವನ್ನು ನೋಡಿ ಬೆಳೆದವರು ಈಗಲೂ ಅದರ ಒಂದೊಂದು ದೃಶ್ಯವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದಕ್ಕೇ ಪ್ರಾಣಿಗಳ ನಡೆ ಸಿನಿಮಾದಲ್ಲಿದ್ದಂತೆಯೇ ಇರಬೇಕೆಂದು ಕರಾರು. ಈ ಕೊಂಬಿನ ಪ್ರಾಣಿ ಹಿಂಡಿನ ಹಿರಿಯಳು. ಹೊಟ್ಟೆ ನೀರು ಕಾಯಿಸುವ ಹಂಡೆಯಷ್ಟಿದ್ದುದರಿಂದ ಕಚೇರಿಯಲ್ಲಿ ಅದಕ್ಕೆ ಹಂಡೆ ಎಂದೇ ಹೆಸರು.

ಡಾಕ್ಟರಮ್ಮ ಆ ಮಧ್ಯಾಹ್ನವೇ ಸಿನಿಮಾ ಹಾಕಿಸಿಕೊಂಡು ನೋಡಿದರು. ಕತೆಯ ಕಡೆ ಅವರ ಲಕ್ಷ್ಯವೇ ಇಲ್ಲ. ಬೆಟ್ಟ ಉರಿದು ನಾಯಕಿ ಅತ್ತರೆ, "ಆಕೆ ಸ್ವಲ್ಪ ಪಕ್ಕಕ್ಕೆ ಹೋಗಬಾರದಾ, ಕಾಲೇ ಕಾಣ್ತಿಲ್ಲ" ಎಂದು ಗೊಣಗಿದರು. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದುಕೊಳ್ಳುತ್ತಾ ಹೋದರು. ಹುಲ್ಲುಗಾವಲಿನಲ್ಲಿ ಜಾಸ್ತಿ ಕುಂಟು. ಮೊಟ್ಟೆಗಳ ಗೂಡಿನ ಹತ್ತಿರ ಏನೂ ಇಲ್ಲ. ಕಾಡಿನಲ್ಲಿ ಸ್ವಲ್ಪ ಕುಂಟು. ಹೊಳೆ ದಾಟುವಾಗ ನೆಟ್ಟಗೆ. ಬಂಡೆಯ ಮೇಲೆ ಮತ್ತೆ ಕುಂಟು.

"ನೋವು ಹೀಗೆ ನೆಂಟರ ಹಾಗೆ ಬಂದು ಹೋಗಿ ಮಾಡಲ್ಲ," ಎಂದರು ಕೊನೆಗೆ. "ಬೆಳಿಗ್ಗೆ ಕುಂಟಿದ್ದು ಮಧ್ಯಾಹ್ನ ಸರಿ, ಸಂಜೆ ಮತ್ತೆ ಕುಂಟು. ಇಂಥ ಕೇಸು ನಾನು ನೋಡೇ ಇಲ್ಲ."

ಅವರ ತಲೆಯಲ್ಲಿ ಹುಳ ಹೊಕ್ಕಿತು. ಊಟದ ತಟ್ಟೆಯ ಮುಂದೆಯೂ ಅದೇ ಮಾತು, ಹುಡುಗಿ ತಲೆ ಬಾಚುವಾಗಲೂ ಅದೇ ಮಾತು. ಮರುದಿನ ಬೆಳಿಗ್ಗೆ ಬಾಚಣಿಗೆ ಹಿಡಿದ ಚಿನಕುರಳಿಯ ಕೈ ಇದ್ದಕ್ಕಿದ್ದಂತೆ ನಿಂತಿತು.

"ದೊಡ್ಡಮ್ಮಾ! ಸಿನಿಮಾನ ಕತೆ ಇರೋ ಕ್ರಮದಲ್ಲಿ ತೆಗೆಯಲ್ಲ. ಕೊನೇ ದೃಶ್ಯ ಮೊದಲನೇ ದಿನವೇ ತೆಗೆದಿರಬಹುದು."

"ಅಂದ್ರೆ ನಾನು ರೋಗಿಯ ಚೀಟಿಗಳನ್ನ ಕಲಸಿ ಓದ್ತಾ ಇದೀನಿ ಅನ್ನು!"

ಸಿನಿಮಾ ಕಂಪನಿಯವರು ಆಟದ ಕೆಲಸಕ್ಕೆಂದು ಹಳೆಯ ಕಾಗದಪತ್ರಗಳ ಎರಡು ಪೆಟ್ಟಿಗೆ ಕಳಿಸಿದ್ದರು. ಅವು ಕಚೇರಿಯಲ್ಲಿ ನೀರಿನ ಕ್ಯಾನುಗಳ ಪಕ್ಕ ಬಿದ್ದಿದ್ದವು. ದೊಡ್ಡಮ್ಮನನ್ನು ಕರೆದುಕೊಂಡು ಹೋದ ಚಿನಕುರಳಿ ಪೆಟ್ಟಿಗೆ ಬಿಚ್ಚಿ, ಚಿತ್ರೀಕರಣದ ದಿನವಹಿ ಹಾಳೆಗಳನ್ನು ದಿನಾಂಕದ ಪ್ರಕಾರ ನೆಲದ ಮೇಲೆ ಸಾಲಾಗಿ ಹರಡಿದಳು. ಡಾಕ್ಟರಮ್ಮ ಒಂದೊಂದು ಹಾಳೆಯ ಮುಂದೆ ನಿಂತು ತಮ್ಮ ಟಿಪ್ಪಣಿಗೆ ಹೊಂದಿಸಿದರು. ಮೊದಲ ಒಂಬತ್ತು ದಿನದ ದೃಶ್ಯಗಳಲ್ಲಿ ನಡೆ ಸರಿಯಿದೆ. ಹತ್ತನೇ ದಿನ ಹೊಳೆ. ಹನ್ನೊಂದನೇ ದಿನದಿಂದ ಕುಂಟು ಶುರು, ಐದಾರು ದಿನ ಏರುತ್ತಾ ಹೋಗಿದೆ, ಕಡೆಯ ಮೂರು ದಿನ ತುಸು ಇಳಿದಿದೆ.

"ಹೊಳೆಯಲ್ಲೇ ಆಗಿದ್ದು," ಎಂದರು. ಅವರ ಮುಖದಲ್ಲಿ ಆಗ ಕಂಡ ಕಳೆ ಕೈ ಮುರಿದ ಮೇಲೆ ಹುಡುಗಿ ನೋಡೇ ಇರಲಿಲ್ಲ. "ಇಳಿಯುವಾಗಲೋ ಹತ್ತುವಾಗಲೋ. ಒಳಗೆ ಇದ್ದವರು ಯಾರು?"

ಆ ಕಾಲದಲ್ಲಿ ಇಂಥ ಪ್ರಾಣಿಯನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿರಲಿಲ್ಲ. ರಬ್ಬರು, ಸ್ಪಂಜು ಸೇರಿಸಿ ವೇಷ ಹೊಲಿದು ಅದರೊಳಗೆ ಇಬ್ಬರನ್ನು ಹೊಗಿಸುತ್ತಿದ್ದರು. ಮುಂಗಾಲು ಒಬ್ಬರದು, ಹಿಂಗಾಲು ಇನ್ನೊಬ್ಬರದು. ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅವರ ಹೆಸರಿರಲಿಲ್ಲ. ಆದರೆ ಪ್ರತಿ ಹಾಳೆಯ ಅಡಿಯಲ್ಲೂ ಗಾಡಿ ಓಡಿಸುವವನಿಗೆಂದು ಬರೆದ ಒಂದು ಸಾಲಿತ್ತು: ಕೊಂಬಿನ ಪ್ರಾಣಿಯ ಇಬ್ಬರು, ಬೆಳಿಗ್ಗೆ ಐದೂವರೆಗೆ, ಬಸ್ ಡಿಪೋ ಹಿಂದಿನ ಲಾಂಡ್ರಿಯಿಂದ.

ಅಷ್ಟರಲ್ಲಿ ತಂಡದ ಮುಖ್ಯಸ್ಥ ಬಂದ. ಎದೆಯವರೆಗೆ ಗಡ್ಡ ಬಿಟ್ಟ, ಮೆಲುದನಿಯ ಮನುಷ್ಯ. ನೆಲದ ತುಂಬ ಹಾಳೆ, ನಡುವೆ ಪ್ಲಾಸ್ಟರ್ ಹಾಕಿಕೊಂಡ ಹೆಂಗಸು. ವಿಷಯ ಕೇಳಿ ಆತ ಪರದೆಯ ಮೇಲೆ ಹಂಡೆಯನ್ನು ನಡೆಸಿ ನೋಡಿದ, ಗಡ್ಡ ನೀವಿಕೊಂಡ.

"ಎರಡು ವರ್ಷದಿಂದ ನೋಡ್ತಾ ಇದೀನಿ, ಕಂಡೇ ಇರಲಿಲ್ಲ. ಈಗ ಬಲಗಾಲಿನ ನಡೆನೇ ಎಡಗಾಲಿಗೂ ಹಾಕಿದ್ರೆ ಆಯ್ತಲ್ಲ? ಅರ್ಧ ಗಂಟೆ ಕೆಲಸ."

"ಏನಾಗಿದೆ ಅಂತ ಗೊತ್ತಿಲ್ಲದೆ ನಾನು ಔಷಧಿ ಕೊಡೋಳಲ್ಲ," ಎಂದರು ಡಾಕ್ಟರಮ್ಮ, ಅವನೇ ಪ್ರಾಣಿಯ ಯಜಮಾನ ಎಂಬಂತೆ. ಗಡ್ಡದವನಿಗೂ ಒಳಗೊಳಗೇ ಕುತೂಹಲ ಕೆರಳಿರಬೇಕು. ಶುಕ್ರವಾರದವರೆಗೆ ಹಂಡೆಯನ್ನು ಯಾರೂ ಮುಟ್ಟಬೇಡಿ ಎಂದ.

ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಲಾಂಡ್ರಿ ಇನ್ನೂ ಇತ್ತು. ಇಬ್ಬರೂ ಹೋದಾಗ ಬೆಳಗಿನ ಹನ್ನೊಂದು ಗಂಟೆ. ಬಾಗಿಲು ದಾಟಿದೊಡನೆ ಬಿಸಿ ಆವಿ ಮುಖಕ್ಕೆ ಹೊಡೆಯಿತು. ಒಳಗೆ ತಂತಿಯ ಮೇಲೆ ತೂಗುಬಿಟ್ಟ ಕೋಟುಗಳು, ಗೋಡೆಯುದ್ದಕ್ಕೂ ಚೀಟಿ ಅಂಟಿಸಿದ ಗಂಟುಗಳು, ಒಂದು ಮೂಲೆಯಲ್ಲಿ ಗಡಗಡ ತಿರುಗುವ ಯಂತ್ರ. ಮೇಜಿನ ಹಿಂದೆ ಐವತ್ತು ದಾಟಿದ, ತೆಳ್ಳಗಿನ, ಬೆನ್ನು ಒಂಚೂರು ಬಾಗಿದ ಗಂಡಸು ಅಂಗಿಯ ಕೊರಳಪಟ್ಟಿಗೆ ಇಸ್ತ್ರಿ ಒತ್ತುತ್ತಿದ್ದ.

ಚಿನಕುರಳಿ ಒಂದೇ ಉಸಿರಿಗೆ ಸಿನಿಮಾ, ಆಟ, ಹಾಳೆ ಎಲ್ಲ ಹೇಳಿ ಮುಗಿಸಿದಳು. ಆತ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ. "ಹೌದು, ಹಿಂಗಾಲು ನಾನೇ. ನಿಮಗೆ ಯಾರು ಹೇಳಿದ್ರು?"

"ನಿಮ್ಮ ಎಡಗಾಲೇ ಹೇಳ್ತು," ಎಂದರು ಡಾಕ್ಟರಮ್ಮ. "ಹೊಳೆಯಲ್ಲಿ ಏನಾಯ್ತು? ಪಾದವಾ, ಮಂಡಿಯಾ?"

"ನನಗಾ? ನನಗೇನೂ ಆಗಲಿಲ್ಲವಲ್ಲ."

"ಒಂದ್ಸಲ ಬಾಗಿಲ ತನಕ ನಡೆದು ಬನ್ನಿ ನೋಡೋಣ."

ಆತ ನಡೆದ. ಡಾಕ್ಟರಮ್ಮ ಹಿಂದಿನಿಂದ ನೋಡಿದರು, ಬಗ್ಗಿ ಪಕ್ಕದಿಂದ ನೋಡಿದರು, ವಾಪಸು ಬರುವಾಗ ಎದುರಿನಿಂದ ನೋಡಿದರು. ಕೋಟು ಬಿಡಿಸಿಕೊಳ್ಳಲು ಬಂದು ನಿಂತಿದ್ದ ಗಿರಾಕಿಯೊಬ್ಬರೂ ನೋಡಿದರು. ನಡಿಗೆಯಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ. ಅಂಥ ಹಳೆಯ ಪೆಟ್ಟು ಎಲ್ಲೋ ಒಂದು ಗುರುತನ್ನಾದರೂ ಬಿಡದೆ ಹೋಗುವುದಿಲ್ಲ. ಡಾಕ್ಟರಮ್ಮನ ಮುಖ ಇಂಗು ತಿಂದ ಮಂಗನಂತಾಯಿತು. ಇಷ್ಟು ವರ್ಷದ ಕಣ್ಣು ಮೋಸ ಹೋಯಿತೇ?

ಆಗ ಒಳಗಿನಿಂದ, ಒಗೆದ ಹೊದಿಕೆಗಳ ರಾಶಿಯನ್ನು ಎದೆಗವಚಿಕೊಂಡು ಒಬ್ಬ ಹೆಂಗಸು ಬಂದರು. ಅರವತ್ತರ ಹತ್ತಿರ, ನೀಳ ಮೈಕಟ್ಟು, ಗಟ್ಟಿ ಧ್ವನಿ. "ಯಾರೋ ಅದು, ಅಂಗಡಿಯಲ್ಲಿ ಮೆರವಣಿಗೆ ಮಾಡ್ತಿರೋದು?"

ಡಾಕ್ಟರಮ್ಮನ ಕಣ್ಣು ನೇರ ಅವರ ಪಾದಕ್ಕೆ ಹೋಯಿತು. ಬಲಗಾಲಿನ ಚಪ್ಪಲಿ ಹೊರ ಅಂಚಿನಲ್ಲಿ ಮಾತ್ರ ಸವೆದಿತ್ತು. ಪಾದ ಒಂದಿಷ್ಟು ಹೊರಕ್ಕೆ ತಿರುಗಿ ಬೀಳುತ್ತಿತ್ತು.

"ಮುಂಗಾಲು ನೀವು," ಎಂದರು ಡಾಕ್ಟರಮ್ಮ. "ಬಲ ಪಾದ. ಹೊಳೆ."

ಆಕೆ ಹೊದಿಕೆಗಳನ್ನು ಮೇಜಿನ ಮೇಲೆ ಇಳಿಸಿದರು. ತಮ್ಮನ ಮುಖ ನೋಡಿದರು. "ನೀನು ಹೇಳಿದೆಯಾ?"

"ನಾನ್ಯಾಕೆ ಹೇಳಲಿ ಅಕ್ಕಾ? ಇವರು ಸಿನಿಮಾ ನೋಡಿ ಕಂಡುಹಿಡಿದರಂತೆ."

ಟೀ ಬಂತು. ಗಿರಾಕಿಯೂ ಹೋಗಲಿಲ್ಲ, ಕೋಟು ಕೈಯಲ್ಲಿಟ್ಟುಕೊಂಡೇ ಕೂತರು. ಅಕ್ಕ ಹೇಳಿದರು. ಅವರಿಬ್ಬರೂ ಆಗ ಸಂಜೆ ಹೊತ್ತು ಚಕ್ರದ ಬೂಟು ಕಟ್ಟಿಕೊಂಡು ಜೋಡಿಯಾಗಿ ಕಸರತ್ತು ತೋರಿಸುತ್ತಿದ್ದರು. ಹೆಜ್ಜೆಗೆ ಹೆಜ್ಜೆ ಕೂಡುತ್ತದೆಂದು ಸಿನಿಮಾದವರು ಕರೆದರು. ವೇಷದೊಳಗೆ ಅಕ್ಕನಿಗೆ ಪ್ರಾಣಿಯ ಗಂಟಲ ಹತ್ತಿರ ಅಂಗೈಯಗಲದ ಜಾಲರಿ ಇತ್ತು, ಅಷ್ಟು ಕಾಣುತ್ತಿತ್ತು. ಹಿಂದಿದ್ದ ತಮ್ಮ ಬಗ್ಗಿಕೊಂಡು ಅಕ್ಕನ ಸೊಂಟದ ಪಟ್ಟಿ ಹಿಡಿದು ನಡೆಯಬೇಕು. ಅವನಿಗೆ ಬರೀ ಕತ್ತಲೆ. ಹೊಳೆ ದಾಟಿ ದಡ ಹತ್ತುವಾಗ ಅಕ್ಕನ ಬಲ ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿ ಕಿರುಬೆರಳ ಕಡೆಯ ಮೂಳೆ ಮುರಿಯಿತು. ಚಿತ್ರ ತೆಗೆದಾಗಿತ್ತು, ತಮ್ಮನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಲು ಆಕೆ ಬಿಡಲೂ ಇಲ್ಲ. ಬಟ್ಟೆ ಸುತ್ತಿಕೊಂಡು ಇನ್ನೂ ಹನ್ನೊಂದು ದಿನ ನಡೆದರು.

"ಆದ್ರೆ ಎಡ ಹಿಂಗಾಲು ಯಾಕೆ ಕುಸೀತು?" ಡಾಕ್ಟರಮ್ಮನಿಗೆ ಅದೊಂದೇ ಚಿಂತೆ. "ಮುಂಗಾಲು ನೋವಿದ್ರೆ, ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳಬೇಕು. ಯಾವ ಕುದುರೆಯಾದರೂ ತಲೆಯಲ್ಲೇ ಹೇಳಿಬಿಡುತ್ತೆ. ಇದರ ತಲೆ ಅಲ್ಲಾಡಲೇ ಇಲ್ಲ."

"ತಲೆ ನಮ್ಮದಲ್ಲ," ಎಂದ ತಮ್ಮ. "ಕ್ಯಾಮೆರಾ ಪಕ್ಕ ನಿಂತು ತಂತಿ ಎಳೆಯೋನದು."

ಡಾಕ್ಟರಮ್ಮ ಪ್ಲಾಸ್ಟರಿನ ಕೈಯಿಂದಲೇ ಹಣೆ ಚಚ್ಚಿಕೊಂಡರು.

ತಮ್ಮ ಎದ್ದು ನಿಂತ. "ಅಕ್ಕಾ, ಬಾ. ತೋರಿಸಿಬಿಡೋಣ." ಆಕೆ ಒಲ್ಲೆ ಎನ್ನುತ್ತಲೇ ಎದ್ದರು. ತಮ್ಮ ಹಿಂದೆ ನಿಂತು ಬಗ್ಗಿ ಆಕೆಯ ಸೊಂಟ ಹಿಡಿದ. ತೂಗುವ ಕೋಟುಗಳ ಕೆಳಗೆ ಇಬ್ಬರೂ ನಾಲ್ಕು ಕಾಲಲ್ಲಿ ಬಾಗಿಲ ಕಡೆ ಹೊರಟರು. ಅಕ್ಕನ ಬಲಗಾಲು ನೆಲಕ್ಕೆ ಬರುವ ಹೊತ್ತಿಗೆ ಸರಿಯಾಗಿ ತಮ್ಮ ಅವರನ್ನು ಸೊಂಟದಿಂದ ಮೇಲಕ್ಕೆತ್ತುತ್ತಿದ್ದ. ಆ ಭಾರವೆಲ್ಲ ಅವನ ಎಡಗಾಲ ಮೇಲೆ ಬಿದ್ದು ಸೊಂಟ ತುಸು ಕುಸಿಯುತ್ತಿತ್ತು. ಪರದೆಯ ಮೇಲೆ ಕಂಡದ್ದೇ ಕಣ್ಣೆದುರು.

"ಅದು ಕುಂಟೇ ಅಲ್ಲ," ಎಂದರು ಡಾಕ್ಟರಮ್ಮ ನಿಧಾನವಾಗಿ. "ಹೊರ್ತಾ ಇದ್ದಿದ್ದು."

ಚಿನಕುರಳಿ ಅಷ್ಟರವರೆಗೆ ಬಾಯಿ ಮುಚ್ಚಿಕೊಂಡಿದ್ದದ್ದೇ ಹೆಚ್ಚು. "ನೋವು ಅಂತ ಹೇಳಿದ್ರೆ ಬೇರೆಯವರನ್ನ ಹಾಕ್ಕೋತಿದ್ರಲ್ಲ. ಯಾಕೆ ಹೇಳಲಿಲ್ಲ?"

ಅಕ್ಕ ವಾಪಸು ಬಂದು ಕೂತು ಟೀ ಲೋಟ ಎತ್ತಿಕೊಂಡರು. "ಮುಂದೆ ಬೇರೆಯವರು ಬಂದಿದ್ರೆ ಇವನು ಒಳಗೇ ಹೋಗ್ತಿರಲಿಲ್ಲ. ಕತ್ತಲೆ ಅಂದ್ರೆ ಪ್ರಾಣ ಹೋಗೋಷ್ಟು ಹೆದರಿಕೆ ಇವನಿಗೆ."

"ಯಾರು ಹೇಳಿದ್ದು?" ತಮ್ಮ ತಟ್ಟನೆ ನೆಟ್ಟಗಾದ. "ನಾನು ಯಾವತ್ತು ಹೇಳಿದೆ ನಿನಗೆ?"

"ಹೇಳಬೇಕೇನೋ? ನನ್ನ ಸೊಂಟದ ಪಟ್ಟಿ ದಿನಾ ನಿನ್ನ ಅಂಗೈ ಬೆವರಿಗೆ ತೊಯ್ದು ಹೋಗ್ತಿತ್ತು. ಒಗೆದವಳು ನಾನು."

ಮೂವತ್ತೊಂದು ವರ್ಷ ಬಚ್ಚಿಟ್ಟುಕೊಂಡಿದ್ದ ಗುಟ್ಟು ಬಚ್ಚಿಟ್ಟಂತೆಯೇ ಇರಲಿಲ್ಲ. ತಮ್ಮ ಹೋಗಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ. ಆಗಲೇ ಇಸ್ತ್ರಿಯಾದ ಅಂಗಿಯನ್ನೇ ಮತ್ತೆ ತೀಡಿದ. ಯಾರ ಕಡೆಗೂ ನೋಡದೆ, "ಒಳಗೆ ನೀನು ಹಾಡು ಗುನುಗ್ತಿದ್ದೆ," ಎಂದ. "ನೋವಿಗೆ ಅಂದ್ಕೊಂಡಿದ್ದೆ."

"ನಿನಗೆ ಕೇಳಲಿ ಅಂತ ಕಣೋ."

ಶುಕ್ರವಾರ ಗಡ್ಡದವನ ಮುಂದೆ ಡಾಕ್ಟರಮ್ಮ ಎಲ್ಲವನ್ನೂ ಇಟ್ಟರು. ಸರಿ ಮಾಡುವುದೋ ಬಿಡುವುದೋ ಎಂಬುದೇ ಈಗ ಪ್ರಶ್ನೆ. ಅಕ್ಕತಮ್ಮಂದಿರನ್ನು ಫೋನಿನಲ್ಲಿ ಕೇಳಿದರೆ ಅಲ್ಲೇ ಜಗಳ ಹತ್ತಿಕೊಂಡಿತು. ಹಾಗೇ ಇರಲಿ ಎಂದು ತಮ್ಮ. "ನಾನು ಅನುಭವಿಸಿದ್ದು ಸಾಕು. ಆ ಪಾಪದ ಪ್ರಾಣಿ ಯಾಕೆ ಆಡೋರ ಮನೇಲೆಲ್ಲ ಕುಂಟಬೇಕು? ತೆಗೆಯಿರಿ" ಎಂದು ಅಕ್ಕ.

ಡಾಕ್ಟರಮ್ಮ ಎಡಗೈಯಲ್ಲಿ ಚೀಟಿ ಬರೆದರು. ಹೊಳೆ ದಾಟುವವರೆಗೆ ನಡಿಗೆ ಸರಿ ಇರಬೇಕು. ದಡ ಹತ್ತಿದ ಮೇಲೆ ಬಲ ಮುಂಗಾಲಿಗೆ ಪೆಟ್ಟು, ಎಡ ಹಿಂಗಾಲಿಗೆ ಭಾರ. ತಣ್ಣೀರಿನಲ್ಲಿ ನಿಲ್ಲಿಸಬೇಕು, ನಡೆಸಕೂಡದು. ಹಿಂಡು ಕಾಯಬೇಕು. ಮೂಳೆ ಕೂಡಲು ಆರು ವಾರ ಬೇಕು. ಗಡ್ಡದವನು ಓದಿ, ಆರು ವಾರ ಯಾವ ಆಟಗಾರನೂ ಕಾಯುವುದಿಲ್ಲ ಎಂದ. ಚೌಕಾಸಿ ಮಾಡಿ ಮಾಡಿ ನಾಲ್ಕು ನಿಮಿಷಕ್ಕೆ ಬಂದು ನಿಂತರು. ಡಾಕ್ಟರಮ್ಮ, "ಇದು ವೈದ್ಯಕೀಯವಾಗಿ ಶುದ್ಧ ಅನ್ಯಾಯ," ಎಂದು ರುಜು ಹಾಕಿದರು.

ಅದಾಗಿ ಐದು ತಿಂಗಳಿಗೆ, ಆಟ ಹೊರಬರುವ ಹಿಂದಿನ ವಾರ, ಲಾಂಡ್ರಿಗೆ ಒಂದು ಮಧ್ಯಾಹ್ನ ರಜೆ ಬರೆದುಹಾಕಿ ಅಕ್ಕ ತಮ್ಮ ಕಚೇರಿಗೆ ಬಂದರು. ಡಾಕ್ಟರಮ್ಮನೂ ಆಸ್ಪತ್ರೆಯಿಂದ ನೇರ ಬಂದಿದ್ದರು. ಬೂಟಿನಲ್ಲಿ ಇನ್ನೂ ಸಗಣಿ. ಆಟದಲ್ಲಿ ಬೇಕಾದ ಪ್ರಾಣಿಯಾಗಿ ನಡೆಯಬಹುದು. ತಮ್ಮನ ಕೈಗೆ ಚಿನಕುರಳಿ ಆಟದ ರಿಮೋಟ್ ಕೊಟ್ಟು ಹಂಡೆಯನ್ನು ಆರಿಸಿದಳು.

"ಇದರಲ್ಲಿ ಹಿಂದೆ ಇರೋನು ಯಾರು?" ಎಂದು ಕೇಳಿದ ಆತ.

"ಹಿಂದೆ ಮುಂದೆ ಎರಡೂ ನೀವೇ."

ಹುಲ್ಲುಗಾವಲು ತೆರೆದುಕೊಂಡಿತು. ಆತ ಹಂಡೆಯ ಕಣ್ಣಿನಿಂದ ನೋಡುತ್ತಿದ್ದ. ದೂರದ ಬೆಟ್ಟ, ಅದರ ಮೇಲೆ ಮೋಡ, ಗಾಳಿಗೆ ಬಾಗುವ ಹುಲ್ಲು. ಬಹಳ ಹೊತ್ತು ಹೆಜ್ಜೆಯನ್ನೇ ಇಡಲಿಲ್ಲ. "ಇಷ್ಟು ಬೆಳಕಿತ್ತಾ ಅಲ್ಲಿ?" ಎಂದ. ಅಕ್ಕ, "ಇತ್ತು ಕಣೋ, ದಿನಾ ಇತ್ತು," ಎಂದರು.

ಹೊಳೆಯ ಹತ್ತಿರ ಬಂದಾಗ ಅಕ್ಕ ರಿಮೋಟ್ ಕಿತ್ತುಕೊಂಡರು. ದಡ ಹತ್ತಿಸಿದರು. ಕಲ್ಲು ಉರುಳಿತು, ಹಂಡೆ ಮುಗ್ಗರಿಸಿತು. ಅಕ್ಕ ನಿಲ್ಲಿಸದೆ ಮುಂದೆ ನೂಕಿದರು. ಕುಂಟು ಹೆಚ್ಚಾಯಿತು.

"ಅಕ್ಕಾ, ನಿಲ್ಲು. ನೀರಿಗೆ ವಾಪಸ್ ಇಳಿಸು."

"ಸುಮ್ನೆ ನಿಂತ್ಕೊಂಡು ಏನು ಮಾಡಲಿ?"

"ಏನೂ ಮಾಡಬೇಡ. ಹಿಂಡು ಕಾಯುತ್ತೆ."

ಆಕೆ ಹಂಡೆಯನ್ನು ನೀರಿಗಿಳಿಸಿ, ರಿಮೋಟ್ ಅನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತರು. ನೀರು ಹರಿಯಿತು. ಹಿಂಡಿನ ಉಳಿದವು ದಡದಲ್ಲಿ ಮೇಯತೊಡಗಿದವು. ಎಲ್ಲಿಂದಲೋ ಅಂಗೈಯುದ್ದದ ಒಂದು ಹುಳ ಹಾರಿ ಬಂದು ಹಂಡೆಯ ನಡುಕೊಂಬಿನ ತುದಿಯಲ್ಲಿ ಕೂತು ರೆಕ್ಕೆ ಮಡಿಸಿತು.

"ಇದ್ಯಾವುದು? ಸಿನಿಮಾದಲ್ಲಿ ಇರಲಿಲ್ಲವಲ್ಲ," ಎಂದರು ಅಕ್ಕ.

"ನಾನು ಹಾಕಿದ್ದು," ಎಂದಳು ಚಿನಕುರಳಿ. "ನಾಲ್ಕು ನಿಮಿಷ ನೋಡೋಕೆ ಏನಾದ್ರೂ ಬೇಡವಾ?"

"ರೆಕ್ಕೆ ಎರಡಾ, ನಾಲ್ಕಾ?"

"ನಾಲ್ಕು," ಎಂದ ತಮ್ಮ. "ಅಲ್ಲ, ಒಂದರ ಮೇಲೊಂದು ಇನ್ನೂ ಇದೆ ನೋಡು." ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು, ಕಾಲಿನ ಕೀಲುಗಳು ಉಲ್ಟಾ ಇವೆಯಲ್ಲ, ಇಂಥ ಹುಳ ನಿಜವಾಗಿ ಇತ್ತಾ ಎಂದು ಕೇಳಿದರು. ಚಿನಕುರಳಿ ಇತ್ತೆಂದಳು, ಆಮೇಲೆ ಅಷ್ಟು ಖಚಿತವಿಲ್ಲವೆಂದಳು. ನಾಲ್ವರೂ ಎದ್ದು ಪರದೆಯ ಹತ್ತಿರ ಹೋಗಿ ಬಗ್ಗಿ ನಿಂತರು. ನಾಲ್ಕು ನಿಮಿಷ ಕಳೆದು ಹಿಂಡು ಹೊರಡೋಣವೆಂದು ಕೂಗಿ ಕರೆಯುತ್ತಿದ್ದರೂ ಯಾರೂ ರಿಮೋಟ್ ಮುಟ್ಟಲಿಲ್ಲ.